ಶೇಂಗಾ ಹೊಲದಲ್ಲಿ ಮೆಟಲ್ ಡಿಟೆಕ್ಟರ್

ನಮ್ಮ ಕೂಡ್ಲಿಗಿ ಸೀಮೆಯಲ್ಲಿ ಮೆಟಲ್ ಡಿಟೆಕ್ಟರ್ ಅಂದ ಕೂಡಲೇ ಜನರಿಗೆ ಎರಡು ನೆನಪಾಗುತ್ತವೆ. ಒಂದು, ಮಂತ್ರಿಗಳು ಬರುವ ದಿನ ಪೊಲೀಸರು ವೇದಿಕೆಯ ಸುತ್ತ ಆಡಿಸುವ ಯಂತ್ರ. ಇನ್ನೊಂದು ನಿಧಿ. ಎರಡನೆಯದೇ ಹೆಚ್ಚು. ಇದು ಗುಡೇಕೋಟೆ, ಜರಿಮಲೆಯ ಪಾಳೇಗಾರರು ಆಳಿದ ನೆಲ. ಅತ್ತ ಹೊಸಪೇಟೆ ದಾಟಿದರೆ ಹಂಪಿ. ಯಾವ ಗುಂಡಿನ ಕೆಳಗೆ ನೋಡಿದರೂ ಕೊಪ್ಪರಿಗೆ ಇದೆ ಎಂದು ನಂಬುವವರು ಪ್ರತಿ ಊರಿನಲ್ಲೂ ನಾಲ್ಕು ಮಂದಿ ಸಿಗುತ್ತಾರೆ.

ನಾವು ಅಂದರೆ ಪತ್ರಿಕೋದ್ಯಮ ಡಿಪ್ಲೊಮಾ ಒಟ್ಟಿಗೆ ಓದಿದ ಇಬ್ಬರು. ಒಬ್ಬರು ಕೂಡ್ಲಿಗಿ ಕಡೆಯಿಂದ, ಇನ್ನೊಬ್ಬರು ಸಂಡೂರು ಕಡೆಯಿಂದ ಪತ್ರಿಕೆಗಳಿಗೆ ಸುದ್ದಿ ಕಳಿಸುತ್ತೇವೆ. ‘ಬಸವಣ್ಣನ ಮೂರ್ತಿ ಕಿತ್ತು ನಿಧಿಗಾಗಿ ಶೋಧ’ ಎಂಬ ತಲೆಬರಹದ ಸುದ್ದಿಯನ್ನು ಎಷ್ಟು ಸಲ ಕಳಿಸಿದ್ದೇವೋ ಲೆಕ್ಕವಿಲ್ಲ. ಊರ ಹೊರಗಿನ ಹಾಳು ಗುಡಿ, ಕಿತ್ತ ಮೂರ್ತಿ, ಆಳುದ್ದದ ಗುಂಡಿ, ನಿಂಬೆಹಣ್ಣು, ಕುಂಕುಮ. ಫೋಟೊ ಕೂಡ ಬದಲಾಗುವುದಿಲ್ಲ. ಹಾಗಾಗಿ ಆ ಯಂತ್ರದ ಮೇಲೆ ನಮಗೆ ಅಂಥ ಪ್ರೀತಿ ಏನೂ ಇರಲಿಲ್ಲ.

ಅದನ್ನು ನಮ್ಮ ಕೈಗೆ ತಂದುಕೊಟ್ಟವನು ಮೋಟಾರ್ ರಿಪೇರಿ ಮಾಡುವ ಹುಡುಗ. ಐಟಿಐ ಓದಿದವನು, ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಅವನ ಕಷ್ಟವೇ ಬೇರೆ. ರೈತರು ಬೋರ್‌ವೆಲ್ಲಿನಿಂದ ಹೊಲದ ಆ ತುದಿಗೆ ಕೇಬಲ್ ಹೂತಿರುತ್ತಾರೆ, ಗೇಟ್‌ವಾಲ್ವ್ ಕೂರಿಸಿರುತ್ತಾರೆ. ನಾಲ್ಕು ವರ್ಷ ಕಳೆದರೆ ಮಣ್ಣು ಮುಚ್ಚಿ, ಎಲ್ಲಿ ಹೂತೆವು ಅನ್ನುವುದು ಹೂತವರಿಗೇ ಮರೆತಿರುತ್ತದೆ. ‘ಇಲ್ಲೇ ಎಲ್ಲೋ ಐತೆ ಅಗಿ’ ಅಂದರೆ ಇವನು ಅರ್ಧ ಹೊಲ ಅಗೆಯಬೇಕು. ಅದಕ್ಕೇ ಆನ್‌ಲೈನಿನಲ್ಲಿ ಹತ್ತು ಸಾವಿರದೊಳಗೆ ಒಂದು ಡಿಟೆಕ್ಟರ್ ತರಿಸಿದ. ಅದರ ಜೊತೆಗೆ ಬಂದ ಪುಸ್ತಕ ಅರ್ಧ ಚೀನಾ ಭಾಷೆ, ಅರ್ಧ ಇಂಗ್ಲಿಷು.

‘ಅಣ್ಣಾ, ನೀವು ಓದಿದೋರು. ಇದರಾಗೆ ಏನ್ ಬರ್ದಾರೆ ಒಸಿ ಹೇಳ್ರಿ’ ಅಂದ.

ಹೀಗೆ ಪುಸ್ತಕ ಓದಿ ಹೇಳಲು ಹೋದ ನಾವು ಮಷಿನ್ ಹಿಡಿಯುವುದನ್ನೂ ಕಲಿತೆವು.

ಯಂತ್ರ ನೋಡಲು ಸರಳ. ಮೇಲೆ ಕೈ ಇಡಲು ಹಿಡಿಕೆ, ಸಣ್ಣ ಪರದೆ, ಮೂರು ತಿರುಗುಗುಂಡಿ. ಕೆಳಗೆ ಉದ್ದ ಕೋಲಿನ ತುದಿಗೆ ಊಟದ ತಟ್ಟೆಗಿಂತ ಸಣ್ಣದಾದ ಒಂದು ತಟ್ಟೆ. ಆ ತಟ್ಟೆಯೇ ಅದರ ಜೀವ. ಒಳಗೆ ತಾಮ್ರದ ತಂತಿ ಸುತ್ತಿದ ಸುರುಳಿಗಳಿವೆ. ಒಂದು ಸುರುಳಿ ನೆಲದೊಳಕ್ಕೆ ಅಯಸ್ಕಾಂತದ ಅಲೆ ಕಳಿಸುತ್ತದೆ. ಆ ಅಲೆ ಲೋಹಕ್ಕೆ ತಾಗಿದರೆ ಲೋಹದಲ್ಲಿ ಸಣ್ಣಗೆ ಕರೆಂಟು ಸುತ್ತುತ್ತದೆ, ಆ ಕರೆಂಟಿನಿಂದ ಮತ್ತೊಂದು ಅಲೆ ಹುಟ್ಟುತ್ತದೆ. ಎರಡನೆಯ ಸುರುಳಿ ಅದನ್ನು ಹಿಡಿದು ‘ಕುಂಯ್’ ಅನ್ನುತ್ತದೆ. ದಿನವೂ ಮೋಟಾರ್ ಸುತ್ತುವ ಹುಡುಗನಿಗೆ ಇದನ್ನು ಎರಡು ಸಲ ಹೇಳಬೇಕಾಗಲಿಲ್ಲ. ‘ಅಂದ್ರೆ ಟ್ರಾನ್ಸ್‌ಫಾರ್ಮರ್ ಇದ್ದಂಗೆ’ ಅಂದ. ಹೆಚ್ಚುಕಮ್ಮಿ ಹಾಗೆಯೇ.

ಮರಳಿ ಬರುವ ಅಲೆ ಎಷ್ಟು ತಡವಾಗಿ ಬಂತು ಅನ್ನುವುದರ ಮೇಲೆ ಯಂತ್ರ ಲೋಹದ ಜಾತಿ ಊಹಿಸುತ್ತದೆ. ಕಬ್ಬಿಣಕ್ಕೆ ದಪ್ಪ ದನಿ, ಬೆಳ್ಳಿ ತಾಮ್ರಕ್ಕೆ ಕೀರಲು ದನಿ. ಊಹಿಸುತ್ತದೆ ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದರದೇ ರಾದ್ಧಾಂತ.

ಈ ಯಂತ್ರದ ಕಥೆಯೂ ಒಂದು ಸೋಲಿನಿಂದಲೇ ಶುರುವಾಗಿದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡು ಹೊಡೆದರು. ಮೈಯೊಳಗಿನ ಗುಂಡು ಎಲ್ಲಿದೆ ಎಂದು ವೈದ್ಯರಿಗೆ ಗೊತ್ತಾಗಲಿಲ್ಲ. ಎಕ್ಸ್-ರೇ ಇನ್ನೂ ಹುಟ್ಟಿರಲಿಲ್ಲ. ಟೆಲಿಫೋನ್ ಕಂಡುಹಿಡಿದ ಗ್ರಹಾಂ ಬೆಲ್ ಇಂಥದೇ ಸುರುಳಿಯ ಯಂತ್ರ ಮಾಡಿ ತಂದ. ಹಾಸಿಗೆಯೊಳಗೆ ಉಕ್ಕಿನ ಸ್ಪ್ರಿಂಗುಗಳಿದ್ದವು, ಅವು ಯಂತ್ರಕ್ಕೆ ಗೊಂದಲ ಮಾಡಿದವು. ಜೊತೆಗೆ ವೈದ್ಯರು ಗುಂಡು ಬಲಗಡೆಯೇ ಇದೆ ಎಂದು ಹಟ ಹಿಡಿದು ಆ ಕಡೆ ಮಾತ್ರ ನೋಡಲು ಬಿಟ್ಟರು. ಗುಂಡು ಇದ್ದದ್ದು ಎಡಗಡೆ. ಅಧ್ಯಕ್ಷ ಬದುಕಲಿಲ್ಲ. ಹುಡುಕುವವರಿಗೆ ಮೊದಲೇ ಹಟ ಇದ್ದರೆ ಯಂತ್ರ ಏನು ಮಾಡೀತು?

ಪುಸ್ತಕದಲ್ಲಿ ಮೊದಲು ಹೇಳಿದ್ದು ಪಾತಿ ಮಾಡಿ ಕಲಿಯಿರಿ ಎಂದು. ಹುಡುಗನ ಮನೆಯ ಹಿತ್ತಲಲ್ಲಿ ಒಂದೊಂದು ಅಡಿ ಬಿಟ್ಟು ಏಳು ಗುಂಡಿ ತೆಗೆದೆವು. ಒಂದರಲ್ಲಿ ಮೊಳೆ, ಒಂದರಲ್ಲಿ ರೂಪಾಯಿ ನಾಣ್ಯ, ಒಂದರಲ್ಲಿ ಸೋಡಾ ಬಾಟಲಿ ಮುಚ್ಚಳ, ಒಂದರಲ್ಲಿ ತಾಮ್ರದ ತಂತಿ, ಒಂದರಲ್ಲಿ ಮಾತ್ರೆ ತಿಂದು ಬಿಸಾಕಿದ ಹಾಳೆ, ಒಂದರಲ್ಲಿ ಬೆಳ್ಳಿ ಕಾಲುಂಗುರ. ಏಳನೆಯದಕ್ಕೆ ಬಂಗಾರ ಬೇಕಿತ್ತು. ಹುಡುಗನ ಹೆಂಡತಿ ತನ್ನ ಕಿವಿಯ ಓಲೆ ಬಿಚ್ಚಿ ಕೊಟ್ಟಳು. ಅದಕ್ಕೆ ದಾರ ಕಟ್ಟಿ, ದಾರದ ತುದಿಯನ್ನು ಗೂಟಕ್ಕೆ ಕಟ್ಟಿ, ಗೂಟದ ಪಕ್ಕದಲ್ಲಿ ತಾನೇ ಮಣೆ ಹಾಕಿ ಕೂತಳು. ನಮ್ಮ ವಿದ್ಯೆಯ ಮೇಲೆ ಅವಳಿಗಿದ್ದ ನಂಬಿಕೆ ಅಷ್ಟು.

ಕಲಿಯಲು ನಾಲ್ಕು ಸಂಜೆ ಹಿಡಿಯಿತು. ನೀವು ಯಾರಾದರೂ ಹೊಸದಾಗಿ ತಂದರೆ ಇಷ್ಟು ತಿಳಿದಿರಲಿ.

ಮೈಮೇಲಿನ ಲೋಹ ಮೊದಲು ತೆಗೆಯಬೇಕು. ಜೇಬಿನ ಮೊಬೈಲು, ಬೆಲ್ಟಿನ ಬಕಲ್ಲು, ಬೀಗದ ಕೈ. ತಟ್ಟೆಯಿಂದ ಮೇಲೆ ಬರುವ ವೈರನ್ನು ಕೋಲಿಗೆ ಬಿಗಿಯಾಗಿ ಸುತ್ತಬೇಕು, ಜೋಲಾಡಿದರೆ ಸುಮ್ಮಸುಮ್ಮನೆ ಕೂಗುತ್ತದೆ. ತಟ್ಟೆ ನೆಲಕ್ಕೆ ಸಮನಾಗಿ, ಎರಡು ಬೆರಳು ಮೇಲೆ ತೇಲಬೇಕು. ಹೊಸಬರು ಮಾಡುವುದೇನೆಂದರೆ ಬೀಸುವಾಗ ಎರಡೂ ಕೊನೆಯಲ್ಲಿ ತಟ್ಟೆಯನ್ನು ಮೇಲೆತ್ತುತ್ತಾರೆ, ತೊಟ್ಟಿಲು ತೂಗಿದ ಹಾಗೆ. ಹಾಗೆ ಎತ್ತಿದರೆ ಅಲ್ಲಿನದು ತಪ್ಪಿಹೋಗುತ್ತದೆ. ಇಬ್ಬನಿ ಒರೆಸಿದ ಹಾಗೆ ನಿಧಾನ ಬೀಸಬೇಕು. ಒಂದು ಬೀಸಿನ ಅರ್ಧ ಜಾಗದ ಮೇಲೆ ಇನ್ನೊಂದು ಬೀಸು ಬರಬೇಕು. ಕೂರಿಗೆ ಹಿಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸಾಲು ತಪ್ಪಿದರೆ ಬೀಜ ಬೀಳದ ಜಾಗ ಉಳಿಯುತ್ತದಲ್ಲ, ಇಲ್ಲಿಯೂ ಹಾಗೆಯೇ.

ನಮ್ಮ ಮಣ್ಣಿಗೆ ಹೊಂದಿಸುವುದೇ ದೊಡ್ಡ ಕೆಲಸ. ಸಂಡೂರಿನ ಗುಡ್ಡದಲ್ಲಿ ಕಬ್ಬಿಣದ ಅದಿರು ತುಂಬಿದೆ, ಅದರ ಸುತ್ತಲಿನ ಕೆಂಪು ನೆಲದಲ್ಲೂ ಕಬ್ಬಿಣದ ಅಂಶ ಇದ್ದೇ ಇದೆ. ಯಂತ್ರಕ್ಕೆ ಬರಿ ನೆಲವೇ ಲೋಹದ ಹಾಗೆ ಕಾಣುತ್ತದೆ. ಬೋಳು ಜಾಗದಲ್ಲಿ ತಟ್ಟೆಯನ್ನು ಮೇಲೆ ಕೆಳಗೆ ಆಡಿಸುತ್ತ, ಆ ಗುಂಡಿ ತಿರುಗಿಸುತ್ತ, ಮಣ್ಣಿನ ಸದ್ದು ಅಡಗುವ ತನಕ ಹೊಂದಿಸಬೇಕು. ಅಷ್ಟಾದರೂ ಕರಿ ಹರಳು ಬಂದರೆ ಕೂಗುತ್ತದೆ. ಅಗೆದು ನೋಡಿದರೆ ಶೇಂಗಾ ಕಾಯಿಯಷ್ಟು ಅದಿರಿನ ಕಲ್ಲು.

ಇನ್ನೊಂದು ವಿಷಯ ಪುಸ್ತಕದಲ್ಲಿ ನಮ್ಮೂರಿಗೆ ತಕ್ಕಂತೆ ಬರೆದಿರಲಿಲ್ಲ. ಮೂರನೆಯ ಸಂಜೆ ಎಲ್ಲ ಸರಿಯಿದ್ದ ಯಂತ್ರ ಒಮ್ಮೆಗೇ ಕಪ್ಪೆ ವಟಗುಟ್ಟಿದಂತೆ ಶುರು ಮಾಡಿತು. ಹುಡುಗ ತಲೆ ಎತ್ತಿ, ‘ತ್ರೀಫೇಸ್ ಬಂತಣ್ಣ’ ಅಂದ. ಪಕ್ಕದ ತೋಟದ ಮೋಟಾರ್ ಶುರುವಾಗಿತ್ತು. ಕರೆಂಟಿನ ತಂತಿ, ಓಡುವ ಮೋಟಾರ್ ಹತ್ತಿರವಿದ್ದರೆ ಯಂತ್ರ ತಲೆಕೆಡಿಸಿಕೊಳ್ಳುತ್ತದೆ. ನಮ್ಮ ಕಡೆ ತ್ರೀಫೇಸ್ ಇಲ್ಲದ ಹೊತ್ತಿಗೆ ಏನಾದರೂ ಉಪಯೋಗ ಇದೆ ಅಂದರೆ ಇದೊಂದೇ.

ಇನ್ನು ಆ ಏಳು ಗುಂಡಿಯ ಪಾಠ. ಮೊಳೆ ದಪ್ಪ ದನಿ ಕೊಟ್ಟಿತು, ಸರಿ. ತಾಮ್ರ, ಬೆಳ್ಳಿ ಕೀರಲು, ಅದೂ ಸರಿ. ಸೋಡಾ ಮುಚ್ಚಳ ಕಬ್ಬಿಣವಾದರೂ ಆಗಾಗ ತಾನು ಬೆಳ್ಳಿ ಎಂಬ ಹಾಗೆ ಕೂಗುತ್ತದೆ. ಬಂಗಾರದ ಓಲೆ ಎಂಥ ದನಿ ಕೊಡುತ್ತದೆ ಎಂದು ಎಲ್ಲರೂ ಉಸಿರು ಹಿಡಿದು ಕೇಳಿದೆವು. ಮಧ್ಯದ ದನಿ. ಪಕ್ಕದ ಗುಂಡಿಯ ಮೇಲೆ ಆಡಿಸಿದೆವು. ಅದೇ ದನಿ, ಪರದೆಯ ಮೇಲೆ ಅದೇ ಗೀಟು. ಅದು ಮಾತ್ರೆ ಹಾಳೆ!

ಎಷ್ಟು ಸಲ ಆಡಿಸಿದರೂ ಅಷ್ಟೇ. ಸಣ್ಣ ಬಂಗಾರ ಮತ್ತು ಅಲ್ಯೂಮಿನಿಯಂ ಹಾಳೆ ಈ ಯಂತ್ರಕ್ಕೆ ಅಕ್ಕತಂಗಿಯರು. ಕಸ ಬೇಡ ಎಂದು ಹಾಳೆಯ ದನಿ ಕೇಳಿಸದಂತೆ ಗುಂಡಿ ತಿರುಗಿಸಬಹುದು, ಆಗ ಬಂಗಾರವೂ ಕೇಳಿಸುವುದಿಲ್ಲ. ಬಂಗಾರ ಬೇಕೆಂದರೆ ಊರಿನ ಕಸವನ್ನೆಲ್ಲ ಅಗೆಯಲೇಬೇಕು. ಹುಡುಗನ ಹೆಂಡತಿ ಓಲೆ ತೊಳೆದು ಹಾಕಿಕೊಳ್ಳುತ್ತ, ‘ಇದಕ್ಕೆ ಹತ್ತು ಸಾವಿರ ಕೊಟ್ಯಾ?’ ಅಂತ ಗಂಡನನ್ನು ಕೇಳಿದಳು.

ಆಳದ ಮಾತು. ನಾಣ್ಯದಷ್ಟು ಗಾತ್ರದ್ದನ್ನು ಇಂಥ ಯಂತ್ರ ಒಂದು ಗೇಣಿನೊಳಗೆ ಹಿಡಿದರೆ ದೊಡ್ಡದು. ಗೇಟ್‌ವಾಲ್ವಿನಂಥ ದೊಡ್ಡ ವಸ್ತುವಾದರೆ ಇನ್ನೂ ಸ್ವಲ್ಪ ಆಳ. ನಿಮ್ಮ ಮೊಬೈಲಿಗೆ ಬರುವ ವಿಡಿಯೊಗಳಲ್ಲಿ ಇಪ್ಪತ್ತು ಅಡಿ ಆಳದ ಬಂಗಾರ ತೋರಿಸುವ, ಎರಡು ಕಡ್ಡಿ ತಾನಾಗಿ ತಿರುಗುವ ಯಂತ್ರಗಳ ಬಗ್ಗೆ ಇಷ್ಟೇ ಹೇಳುತ್ತೇವೆ. ಇಂಗ್ಲೆಂಡಿನ ಜೇಮ್ಸ್ ಮೆಕ್‌ಕಾರ್ಮಿಕ್ ಎಂಬಾತ ಹಾಗೆ ತಿರುಗುವ ಕಡ್ಡಿಯ ಯಂತ್ರವನ್ನು ಬಾಂಬ್ ಪತ್ತೆ ಮಾಡುತ್ತದೆ ಎಂದು ಇರಾಕಿಗೆ ಮಾರಿದ. ಗಾಲ್ಫ್ ಚೆಂಡು ಹುಡುಕಲೆಂದು ಮಾರುತ್ತಿದ್ದ ಆಟಿಕೆಯಂಥ ವಸ್ತುವಿನಿಂದ ಹುಟ್ಟಿದ್ದು ಅದು. ಸೈನಿಕರು ಅದನ್ನು ನಂಬಿ ಚೆಕ್‌ಪೋಸ್ಟಿನಲ್ಲಿ ನಿಂತರು. 2013ರಲ್ಲಿ ಅವನಿಗೆ ಹತ್ತು ವರ್ಷ ಜೈಲಾಯಿತು. ಒಂದು ದೇಶದ ಸರಕಾರವೇ ಮೋಸ ಹೋಗಿದೆ. ಅಕ್ಕಿ ಎಳೆಯುವ ಚೊಂಬು ಎಂದು ‘ರೈಸ್ ಪುಲ್ಲಿಂಗ್’ ದಂಧೆಯಲ್ಲಿ ಹೊಲ ಮಾರಿಕೊಂಡವರ ಮೇಲೆ ನಾವು ನಗುವುದಿಲ್ಲ, ಮಾರಿಸಿದವರ ಮೇಲೆ ಬರೆಯುತ್ತೇವೆ.

ಯಂತ್ರ ಬಂದ ಮೂರನೆಯ ವಾರ ಗೇಟ್‌ವಾಲ್ವಿಗಿಂತ ದೊಡ್ಡ ಕೆಲಸ ಬಂತು.

ಹುಡುಗನ ಊರಿನಲ್ಲೇ ಒಂದು ಶೇಂಗಾ ಹೊಲ. ಬಿತ್ತಿ ಒಂದು ತಿಂಗಳಾಗಿತ್ತು, ಹನ್ನೊಂದು ಹೆಣ್ಣುಮಕ್ಕಳು ಕಳೆ ತೆಗೆಯಲು ಹೋಗಿದ್ದರು. ಸಂಜೆ ಮನೆಗೆ ಬರುವಾಗ ಅವರಲ್ಲಿ ಒಬ್ಬ ಅಕ್ಕನ ಕೊರಳಲ್ಲಿ ಕರಿಮಣಿ ಸರ ಇರಲಿಲ್ಲ. ದಾರ ಸವೆದು ಹರಿದಿತ್ತು. ಎರಡು ತಾಳಿ, ನಾಲ್ಕು ಗುಂಡು. ಹತ್ತು ಗ್ರಾಂ ಬಂಗಾರ ಲಕ್ಷ ದಾಟಿದ ಕಾಲದಲ್ಲಿ ಅರ್ಧ ಲಕ್ಷದ ಮೇಲಿನ ಮಾತು. ದಿನಕ್ಕೆ 300 ರೂಪಾಯಿ ಕೂಲಿ. ಒಂದು ದಿನವೂ ಬಿಡದೆ ದುಡಿದರೂ ಐದು ತಿಂಗಳ ಮೇಲಾಗುತ್ತದೆ. ದುಡ್ಡಿನ ಲೆಕ್ಕ ಹಾಗಿರಲಿ, ತಾಳಿ ಕಳೆದರೆ ಊರಿನವರು ಏನೇನು ಅನ್ನುತ್ತಾರೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಮಾರನೇ ಬೆಳಿಗ್ಗೆ ಹೊಲದಲ್ಲಿ ಕರಿಮಣಿ ನಾಲ್ಕಾರು ಸಿಕ್ಕವು, ಬಂಗಾರ ಸಿಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಊರು ಒಂದು ತೀರ್ಮಾನಕ್ಕೆ ಬಂದಿತ್ತು. ಪಕ್ಕದ ಸಾಲಿನಲ್ಲಿ ಕಳೆ ತೆಗೆಯುತ್ತಿದ್ದ ತಂಗಿಯೊಬ್ಬಳು ಎತ್ತಿಕೊಂಡಿದ್ದಾಳೆ ಎಂದು. ಆ ತಂಗಿ ಗಂಡನ ಮನೆ ಬಿಟ್ಟು, ಮಗು ಕಟ್ಟಿಕೊಂಡು ತವರಿಗೆ ಬಂದು ಉಳಿದವಳು. ಅವಳ ಪರವಾಗಿ ಕೂಗಾಡಲು ಅವಳ ಕಡೆ ಒಬ್ಬ ಮುದುಕ ತಂದೆ ಬಿಟ್ಟರೆ ಯಾರಿಲ್ಲ. ಹೊಲದ ಮಾಲೀಕರು ‘ನಾಳೆಯಿಂದ ನೀನು ಬರಬೇಡ’ ಅಂದರು. ಅಷ್ಟೇ ಅಂದದ್ದು, ಕಳ್ಳಿ ಎಂದು ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಅನ್ನುವ ಅಗತ್ಯವೇ ಬೀಳಲಿಲ್ಲ.

ಮೋಟಾರ್ ಹುಡುಗ ನಮಗೆ ಫೋನ್ ಮಾಡಿದ. ‘ನನಗೊಬ್ಬನಿಗೆ ಆಗಲ್ಲಣ್ಣ, ಬರ್ರಿ. ಮಷಿನ್ ಕೂಗೋದಕ್ಕಿಂತ ಜನಾನೇ ಜಾಸ್ತಿ ಕೂಗ್ತಾರೆ.’

ಹೊಲ ಎರಡು ಎಕರೆ. ಅಷ್ಟನ್ನೂ ಸಣ್ಣ ತಟ್ಟೆಯಲ್ಲಿ ಒರೆಸುವುದೆಂದರೆ ಆ ವಾರದಲ್ಲಿ ಮುಗಿಯುವ ಮಾತಲ್ಲ. ಆದ್ದರಿಂದ ಮೊದಲು ಯಂತ್ರವನ್ನು ಚೀಲದಲ್ಲೇ ಬಿಟ್ಟು ಆ ಅಕ್ಕನ ಹತ್ತಿರ ಕೂತೆವು. ಕೊನೆಗೆ ಸರ ಕೊರಳಲ್ಲಿತ್ತು ಅನ್ನುವುದು ಯಾವಾಗ ಖಾತ್ರಿ? ಬುತ್ತಿ ಉಣ್ಣುವಾಗ ಇತ್ತು, ಬಗ್ಗಿ ಕೈ ತೊಳೆಯುವಾಗ ಸರ ನೀರಿಗೆ ತಾಗಿತ್ತು, ಹಿಂದಕ್ಕೆ ಹಾಕಿಕೊಂಡಿದ್ದು ನೆನಪಿದೆ. ಉಂಡ ಮೇಲೆ ಯಾವ ಸಾಲು ಹಿಡಿದೆ? ಬೇವಿನ ಗಿಡದಿಂದ ಈಚೆಗೆ. ಎಷ್ಟು ಸಾಲು? ಆರು ಇರಬಹುದು. ನಡುವೆ ಎಲ್ಲಿಗೆ ಹೋಗಿದ್ದೆ? ಕಿತ್ತ ಕಳೆಯನ್ನು ಬದುವಿಗೆ ಹಾಕಲು ಎರಡು ಸಲ. ಹಾಗೆ ಕೇಳುತ್ತ ಕೇಳುತ್ತ ಎರಡು ಎಕರೆ ಆರು ಸಾಲಿಗೆ, ಒಂದು ಬದುವಿಗೆ, ಒಂದು ಕಳೆಯ ಗುಡ್ಡೆಗೆ ಇಳಿಯಿತು. ಯಾವಾಗ, ಎಲ್ಲಿ, ಯಾರು ಎಂದು ಕೇಳುವುದನ್ನು ಡಿಪ್ಲೊಮಾದಲ್ಲಿ ಕಲಿಸಿದ್ದರು. ಆ ಓದು ಸಂಬಳಕ್ಕೆ ಬಂದದ್ದು ಕಡಿಮೆ, ಅವತ್ತು ಉಪಯೋಗಕ್ಕೆ ಬಂತು.

ಮರದ ಗೂಟ ನೆಟ್ಟು, ಗೋಣಿ ದಾರ ಎಳೆದು, ಜಾಗವನ್ನು ಮಡಿ ಮಾಡಿದ ಹಾಗೆ ಮಡಿ ಮಾಡಿದೆವು. ಕಬ್ಬಿಣದ ಗೂಟ ಹಾಕಿದರೆ ಯಂತ್ರ ಗೂಟಕ್ಕೇ ಕೂಗುತ್ತದೆ. ಒಬ್ಬರು ಬೀಸುವುದು, ಒಬ್ಬರು ಅಗೆಯುವುದು, ಒಬ್ಬರು ಗುರುತು ಹಾಕುವುದು. ಗಿಡ ಇನ್ನೂ ಚಿಕ್ಕವು, ಸಾಲಿನ ನಡುವೆ ತಟ್ಟೆ ಹೋಗುತ್ತಿತ್ತು. ಕೂಗಿದ ಜಾಗದಲ್ಲಿ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಬೀಸಿ, ಎರಡೂ ದನಿ ಸೇರುವ ಕಡೆ ಕುರುಪಿಯಿಂದ ಬೊಗಸೆ ಮಣ್ಣು ತೆಗೆಯುವುದು, ಆ ಮಣ್ಣನ್ನು ಜರಡಿಗೆ ಹಾಕುವುದು. ಶೇಂಗಾ ಬೇರಿಗೆ ಪೆಟ್ಟಾಗದಂತೆ ನೋಡಿಕೊಳ್ಳಬೇಕು, ಮಾಲೀಕರ ಕಣ್ಣು ಅಲ್ಲೇ ಇತ್ತು.

ಮೊದಲ ಸಂಜೆ ಸಿಕ್ಕಿದ್ದು: ಮಾತ್ರೆ ಹಾಳೆ ಹದಿನಾಲ್ಕು. (ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳು ಸೊಂಟನೋವಿಗೆ ಎಷ್ಟು ಮಾತ್ರೆ ನುಂಗುತ್ತಾರೆ ಎಂಬ ಲೆಕ್ಕ ನಮಗೆ ಸಿಕ್ಕಿದ್ದು ಹೀಗೆ.) ಕುಂಟೆಯ ಮುರಿದ ತುಂಡು, ಎತ್ತಿನ ಲಾಳದ ಮೊಳೆ, ಬ್ಲೌಸಿನ ಹುಕ್ಕು, ಅದಿರಿನ ಹರಳು ಒಂದು ಬೊಗಸೆ, 25 ಪೈಸೆ ಒಂದು.

25 ಪೈಸೆ ಸಿಕ್ಕಿದ್ದೇ ತಪ್ಪಾಯಿತು. ಬದುವಿನ ಮೇಲೆ ಮೂವತ್ತು ಜನ ನಿಂತಿದ್ದರು. ‘ನಾಣ್ಯ ಸಿಕ್ತಂತೆ’ ಎಂಬ ಮಾತು ಊರು ಮುಟ್ಟುವುದರೊಳಗೆ ಹಳೇ ಕಾಲದ ನಾಣ್ಯವಾಗಿ, ಅಗಸೆ ದಾಟುವುದರೊಳಗೆ ಕೊಪ್ಪರಿಗೆಯಾಗಿತ್ತು. ರಾತ್ರಿ ಹುಡುಗನಿಗೆ ಮೂರು ಫೋನ್. ಒಬ್ಬ ‘ಒಂದು ರಾತ್ರಿಗೆ ಐದು ಸಾವಿರ, ಗುಡ್ಡದ ಹತ್ರ ಬಾ ಸಾಕು’ ಅಂದನಂತೆ.

ಅವನಿಗೆ ಅವತ್ತು ರಾತ್ರಿ ನಾವು ಹೇಳಿದ್ದನ್ನು ನಿಮಗೂ ಹೇಳುತ್ತೇವೆ. ನೆಲದಲ್ಲಿ ಹೂತಿಟ್ಟ ಬೆಲೆಬಾಳುವ ವಸ್ತು ಸಿಕ್ಕರೆ ಸಿಕ್ಕವರದ್ದೇ ಎಂದು ಕಾನೂನು ಹೇಳುವುದಿಲ್ಲ. ಬ್ರಿಟಿಷರು 1878ರಲ್ಲೇ ನಿಧಿ ಕಾಯ್ದೆ ಮಾಡಿದ್ದಾರೆ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಎಂದು ಅದರಲ್ಲಿದೆ. ಅವತ್ತಿನ ಹತ್ತು ರೂಪಾಯಿ! ಮುಚ್ಚಿಟ್ಟರೆ ಜೈಲು. ಇನ್ನು ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು 1958ರ ಕಾಯ್ದೆಯ ಪ್ರಕಾರ ಅಪರಾಧ. ನೂರು ವರ್ಷ ದಾಟಿದ ನಾಣ್ಯ, ಮೂರ್ತಿಗಳ ಮಾರಾಟಕ್ಕೆ 1972ರ ಕಾಯ್ದೆ ಬೇರೆ ಇದೆ. ಮಷಿನ್ ಇಟ್ಟುಕೊಂಡವನು ಹೊಲದವರನ್ನು ಕೇಳಿ, ಹಗಲು ಹೊತ್ತು, ನಾಲ್ಕು ಜನರ ಎದುರು ಮಾತ್ರ ಬಳಸಬೇಕು. ಹುಡುಗ ಆ ರಾತ್ರಿಯೇ ಫೋನ್ ಸ್ವಿಚ್ ಆಫ್ ಮಾಡಿದ, ಮಷಿನ್ನನ್ನು ಮಂಚದ ಕೆಳಗೆ ಹಾಕಿಕೊಂಡು ಮಲಗಿದ.

ಎರಡನೆಯ ಸಂಜೆ ಆ ತಂಗಿ ಬಂದಳು. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬೇವಿನ ಗಿಡದ ಕೆಳಗೆ, ಹೊಲದ ಹೊರಗೆ ನಿಂತಳು. ಅವಳು ಎಲ್ಲಿ ಕೂತು ಕಳೆ ತೆಗೆದಳು ಎಂದು ತೋರಿಸಲು ಒಳಗೆ ಬಾ ಎಂದು ಹುಡುಗ ಕರೆದ.

‘ನಾನು ಒಳಗ ಬರಂಗಿಲ್ಲಣ್ಣ’ ಅಂದಳು. ‘ನಾನು ಕಾಲಿಟ್ಟ ಮೇಲೆ ಸಿಕ್ಕರೆ, ನಾನೇ ತಂದು ಹಾಕ್ದೆ ಅಂತಾರೆ. ಇಲ್ಲಿಂದಾನೇ ಹೇಳ್ತೀನಿ. ಆ ಎಡಗಡೆ ಸಾಲು ಅಕ್ಕಂದು, ಅದರಾಚೆದು ನಂದು. ಅಕ್ಕ ಕಳೆ ಹೊತ್ಕೊಂಡು ಎದ್ದಾಗ ಸೆರಗು ಗಿಡಕ್ಕೆ ಸಿಗಾಕಿತ್ತು, ಎಳ್ಕೊಂಡ್ಲು. ಅಲ್ಲಿ ನೋಡ್ರಿ.’

ಅಲ್ಲಿ ಅಂದ ಜಾಗದಲ್ಲಿ ಏನೂ ಕೂಗಲಿಲ್ಲ. ಬದುವಿಗೆ ಹೋಗುವ ದಾರಿಯಲ್ಲಿ, ಅಲ್ಲಿಂದ ಹತ್ತು ಹೆಜ್ಜೆ ಆಚೆ, ಮಧ್ಯದ ದನಿ ಬಂತು. ಅಷ್ಟು ಹೊತ್ತಿಗೆ ಆ ದನಿ ಕೇಳಿದರೆ ‘ಇನ್ನೊಂದು ಮಾತ್ರೆ’ ಅನ್ನುವುದು ರೂಢಿಯಾಗಿತ್ತು. ಮೂರು ಬೆರಳು ಮಣ್ಣು ತೆಗೆದು ಜರಡಿಗೆ ಹಾಕಿದರೆ ತಾಳಿ. ಒಂದು. ಅದೇ ಮಣ್ಣಿನಲ್ಲಿ ಎರಡು ಗುಂಡು, ಆರು ಕರಿಮಣಿ. ಗುಂಡಿನ ಸದ್ದು ಯಂತ್ರಕ್ಕೆ ಕೇಳಿಯೇ ಇರಲಿಲ್ಲ, ಅಷ್ಟು ಸಣ್ಣವು, ಒಳಗೆ ಟೊಳ್ಳು. ಜರಡಿ ಹಿಡಿದು ಕೊಟ್ಟಿತು.

ಆ ಅಕ್ಕ ಹೊಲದಲ್ಲೇ ಕೂತು ಅತ್ತಳು. ಬದುವಿನ ಮೇಲಿದ್ದ ಜನ ಕೇಕೆ ಹಾಕಿದರು. ನಾವು ತಿರುಗಿ ಬೇವಿನ ಗಿಡದ ಕಡೆ ನೋಡಿದೆವು, ಆ ತಂಗಿ ನಿಂತೇ ಇದ್ದಳು.

ಕತ್ತಲಾಗುವವರೆಗೆ ಹುಡುಕಿದರೂ ಎರಡನೆಯ ತಾಳಿ ಸಿಗಲಿಲ್ಲ. ಮಾರನೇ ದಿನ ಎಡೆ ಹೊಡೆಯುವುದಿತ್ತು, ಮಾಲೀಕರು ನಿಲ್ಲಿಸಲು ಒಪ್ಪಲಿಲ್ಲ. ಮಳೆ ಬಂದು ಹದ ಆಗಿತ್ತು, ಅವರದೂ ಸುಳ್ಳಲ್ಲ. ಒಂದು ಸಿಕ್ಕಿತಲ್ಲ, ಇನ್ನಾದರೂ ಆ ತಂಗಿಯ ಮೇಲಿನ ಮಾತು ನಿಲ್ಲುತ್ತದೆ ಎಂದುಕೊಂಡು ನಾವು ಬೈಕ್ ಹತ್ತುವಷ್ಟರಲ್ಲಿ ಹೊಸ ಮಾತು ಹುಟ್ಟಿತ್ತು. ‘ಒಂದು ಇಟ್ಕೊಂಡು ಒಂದು ಎಸೆದಾಳೆ.’ ಸರ ಹರಿದ ಮೇಲೆ ಒಂದೊಂದು ಒಂದೊಂದು ಕಡೆ ಬೀಳುವುದು ಸಹಜ ಎಂದು ಹೇಳಿ ನೋಡಿದೆವು. ಯಂತ್ರ ತೋರಿಸಿದ್ದನ್ನು ನಂಬಿದವರು ಯಂತ್ರ ತೋರಿಸದೇ ಇದ್ದದ್ದನ್ನೂ ಅಷ್ಟೇ ಗಟ್ಟಿಯಾಗಿ ನಂಬಿದ್ದರು.

ಆ ನಡುವೆ ಹೊಲದ ಮೂಲೆಯ ಹಳೇ ಕಲ್ಲಿನ ಬುಡದಲ್ಲಿ ಯಾರೋ ರಾತ್ರಿ ಸೊಂಟದುದ್ದ ಗುಂಡಿ ತೆಗೆದರು. ಏನು ಸಿಕ್ಕಿತೋ, ಕಲ್ಲಂತೂ ವಾಲಿತು. ಮಾಲೀಕರು ನಮ್ಮ ಮೇಲೆ ಸಿಟ್ಟಾಗಿದ್ದಾರೆ ಎಂದು ಸುದ್ದಿ ಬಂತು. ಕಲ್ಲನ್ನು ನೆಟ್ಟಗೆ ನಿಲ್ಲಿಸಲು ಹುಡುಗ ತನ್ನ ಬೋರ್‌ವೆಲ್ ಎತ್ತುವ ಚೈನ್ ಪುಲ್ಲಿ ತಂದು ಕೊಟ್ಟ.

ಶೇಂಗಾ ಕಿತ್ತದ್ದು ಅಕ್ಟೋಬರ್‌ನಲ್ಲಿ. ಹೊಲ ಬೋಳಾದ ಮೇಲೆ ತಟ್ಟೆ ನೆಲಕ್ಕೆ ಹತ್ತಿರ ಹೋಗುತ್ತದೆ, ಎಡೆ ಹೊಡೆದದ್ದರಿಂದ ಮಣ್ಣು ಅತ್ತಿತ್ತ ಆಗಿರುತ್ತದೆ. ಮತ್ತೊಮ್ಮೆ ನೋಡೋಣ ಎಂದು ಹುಡುಗನೇ ಹೇಳಿದ. ಮಾಲೀಕರನ್ನು ಕೇಳಿದೆವು, ಊರಿನ ಹಿರಿಯರಿಬ್ಬರನ್ನು ಕರೆದೆವು. ಈ ಸಲ ಮೊದಲ ತಾಳಿ ಸಿಕ್ಕ ಜಾಗದಿಂದ ಕುಂಟೆ ಎಳೆದ ದಿಕ್ಕಿಗೆ ದಾರ ಕಟ್ಟಿ, ಆ ಪಟ್ಟಿಯನ್ನು ಮಾತ್ರ ಹಿಡಿದೆವು. ಬೆಳಿಗ್ಗೆ ಏಳಕ್ಕೆ ಶುರು, ತ್ರೀಫೇಸ್ ಬರುವುದರೊಳಗೆ ಮುಗಿಸಬೇಕು.

ಒಂಬತ್ತರ ಸುಮಾರಿಗೆ, ಐದನೆಯ ಮಾತ್ರೆ ಹಾಳೆಯ ನಂತರ, ಹುಡುಗನ ಜರಡಿಯಲ್ಲಿ ಮಡಚಿದ ಹಳದಿ ತಗಡು ಉಳಿಯಿತು. ತಾಳಿಯೇ. ಅರ್ಧಕ್ಕೆ ಬಾಗಿತ್ತು. ಬಾಗಿದ ಕಡೆ ಕುಂಟೆಯ ತಾಳು ಎಳೆದ ಗೀರು ಉದ್ದಕ್ಕೆ ಕಾಣುತ್ತಿತ್ತು, ಗೀರಿನೊಳಗೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಆ ಹಿರಿಯರಲ್ಲಿ ಒಬ್ಬರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು. ‘ಇದು ಎಡೆ ಹೊಡಿಯೋಕ್ಕಿಂತ ಮುಂಚೇನೇ ನೆಲದಾಗ ಇತ್ತು’ ಅಂದರು. ಮಷಿನ್ ಹೇಳಲಾಗದ ಮಾತನ್ನು ಆ ಗೀರು ಹೇಳಿತ್ತು, ಅದನ್ನು ಓದಲು ಬಂದದ್ದು ಐವತ್ತು ವರ್ಷ ಕುಂಟೆ ಹಿಡಿದವರಿಗೆ.

ಉಳಿದೆರಡು ಗುಂಡು ಸಿಕ್ಕಿಲ್ಲ. ಅಕ್ಕಸಾಲಿಗರು ಬಾಗಿದ ತಾಳಿಯನ್ನು ತಟ್ಟಿ ನೆಟ್ಟಗೆ ಮಾಡಿಕೊಟ್ಟರು, ಗೀರು ಪೂರ್ತಿ ಹೋಗಲಿಲ್ಲವಂತೆ.

ಆ ತಂಗಿಯ ಹತ್ತಿರ ಹೋಗಿ ತಪ್ಪಾಯಿತು ಅಂದವರು ನಮಗೆ ತಿಳಿದ ಮಟ್ಟಿಗೆ ಒಬ್ಬರೇ, ತಾಳಿ ಕಳೆದುಕೊಂಡ ಅಕ್ಕ. ಹೊಲದ ಮಾಲೀಕರು ಮರುದಿನ ಶೇಂಗಾ ಬಿಡಿಸಲು ಬಾ ಎಂದು ಆಳು ಕಳಿಸಿದ್ದರು. ಅವಳು ಆಗಲೇ ಪಕ್ಕದ ಊರಿನ ಹೊಲಕ್ಕೆ ಹೋಗಲು ಆಟೊ ಹತ್ತಿದ್ದಳು.